ಸ್ಟೀರಿಯೋ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ಮುಂಬೈ ಸುತ್ತಿನ ಡೊಂಬಿವಲಿ, ಮಾಟುಂಗಾ ಕಡೆಯ ಕೆಲವರು ಡಿಜಿಟಲ್ ರೇಡಿಯೋ ಇರುವ ಚಿಕ್ಕ ಸ್ಟೀರಿಯೋ ಬಗ್ಗೆ ಕೇಳಿದ್ದೀರಿ. ಲಂಡನ್‌ನಲ್ಲಿರುವ ಮಕ್ಕಳ ಕೈಲಿ ತರಿಸುವವರು ದಯವಿಟ್ಟು ಸ್ವಲ್ಪ ತಡೆಯಿರಿ.

ಪೆಟ್ಟಿಗೆ ಮೇಲೆ 'ಡಿಎಬಿ ಪ್ಲಸ್' ಅಂತ ಇದ್ದರೆ ಅದು ಯುರೋಪಿನ ಡಿಜಿಟಲ್ ರೇಡಿಯೋ ಪದ್ಧತಿ. ನಮ್ಮ ಆಕಾಶವಾಣಿ ಮೀಡಿಯಂ ವೇವ್‌ಗೆ ಆರಿಸಿಕೊಂಡದ್ದು ಡಿಆರ್‌ಎಂ ಅನ್ನುವ ಬೇರೆ ಡಿಜಿಟಲ್ ಪದ್ಧತಿ. ಒಂದರ ಸೆಟ್ಟಿನಲ್ಲಿ ಇನ್ನೊಂದು ಬರುವುದಿಲ್ಲ. ಮುಂಬೈಯಲ್ಲಿ ಆ ಡಿಎಬಿ ಬಟನ್ ಸುಮ್ನೆ ಇರುತ್ತದೆ, ಅದಕ್ಕೆ ಜಾಸ್ತಿ ದುಡ್ಡು ಯಾಕೆ, ಅಲ್ವಾ?

ಎಫ್‌ಎಂ ಮತ್ತು ಬ್ಲೂಟೂತ್ ಇರಲೇಬೇಕು. ಫೋನಿನ 'ನ್ಯೂಸ್ ಆನ್ ಏರ್' ಆ್ಯಪ್‌ನಿಂದ ಧಾರವಾಡ, ಬೆಂಗಳೂರು ಆಕಾಶವಾಣಿಯನ್ನು ಸ್ಪೀಕರಿನಲ್ಲೇ ಕೇಳಬಹುದು. ಊರಿನ ದನಿ ಮನೆ ತುಂಬಾ ಕೇಳುವ ಖುಷಿ ನಿಮಗೂ ಸಿಗಲಿ ಅಂತ ನನ್ನಾಸೆ.

ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿಯ ಲೆಕ್ಕದ ದೊಡ್ಡ ವ್ಯಾಟ್ ನಂಬಬೇಡಿ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಶಕ್ತಿ ಎಷ್ಟು ಅಂತ ಕೇಳಿ. ನಮ್ಮ ಸಣ್ಣ ಹಾಲ್‌ಗೆ ಒಂದೊಂದು ಸ್ಪೀಕರಿಗೆ 15 ವ್ಯಾಟ್ ಧಾರಾಳ. ಹಿಂದುಗಡೆ ಆಂಟೆನಾ ಸಾಕೆಟ್ ಇದೆಯಾ ನೋಡಿ. ಕಾಂಕ್ರೀಟ್ ಗೋಡೆಗಳ ನಡುವೆ ಎಫ್‌ಎಂ ಗೊರಗೊರ ಅಂದರೆ ವೈರನ್ನು ಕಿಟಕಿವರೆಗೆ ಎಳೆಯಬಹುದು. ಅಮೆರಿಕದ ಸೆಟ್ಟಾದರೆ 120 ವೋಲ್ಟ್ ಮಾತ್ರವಾ ಅಂತ ಮೊದಲು ಓದಿ, ನಮ್ಮಲ್ಲಿ ವೋಲ್ಟ್ ಅದಕ್ಕಿಂತ ಹೆಚ್ಚು, ನೇರ ಚುಚ್ಚಿದರೆ ಸುಟ್ಟುಹೋದೀತು.

ಕೊಳ್ಳಲು ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗುವವರು ಫೋನಿನಲ್ಲಿ ನಿಮಗೆ ಗೊತ್ತಿರುವ ಹಾಡನ್ನೇ ಒಯ್ಯಿರಿ, ಅಂಗಡಿಯಲ್ಲಿ ಅದನ್ನೇ ಹಾಕಿಸಿ ಕೇಳಿ.