ಕಿದ್ವಾಯಿಯಲ್ಲಿ ಕಲಿತೋರು ಜಿಲ್ಲೆಗಳಿಗೂ ಬರ್ಲಿ

ಮಾನ್ಯ ಸಂಪಾದಕರೇ,

ಕಿದ್ವಾಯಿ ಅಂದ್ರೆ ತುಂಬಾ ಜನಕ್ಕೆ ಬರೀ ಕ್ಯಾನ್ಸರ್ ಆಸ್ಪತ್ರೆ, ಆದ್ರೆ 1973ರಲ್ಲಿ ಶುರುವಾದ ಈ ಸಂಸ್ಥೆ 1980ರಿಂದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ಟ್ರೀಟ್ಮೆಂಟ್ ಜೊತೆಗೆ ಅಲ್ಲಿ ರಿಸರ್ಚೂ ನಡೆಯುತ್ತೆ, ಎಂಡಿ, ಡಿಎಂ, ಎಂಸಿಎಚ್ ಅನ್ನೋ ಸ್ಪೆಷಲಿಸ್ಟ್ ಡಿಗ್ರಿ ಓದೋ ಡಾಕ್ಟರುಗಳೂ ಅಲ್ಲೇ ತಯಾರಾಗ್ತಾರೆ. ಬೆಂಗಳೂರಲ್ಲಿ ಯಾವ ಕ್ಯಾನ್ಸರ್ ಎಷ್ಟು ಜನಕ್ಕೆ ಬರ್ತಿದೆ ಅಂತ 1980ರ ದಶಕದಿಂದ ಲೆಕ್ಕ ಬರೆದಿಡ್ತಾ ಬಂದಿರೋದೂ ಇವರೇ. ಯಾರ ಕಣ್ಣಿಗೂ ಬೀಳದ ಕೆಲಸ ಇದು, ನನ್ನ ಪ್ರಕಾರ ತುಂಬಾ ದೊಡ್ಡದು.

ಹೊಸೂರು ರಸ್ತೆ ಗೇಟ್ ಹತ್ರ ಬೆಳಿಗ್ಗೆ ಹೋಗಿ ನೋಡಿ, ಒಂದ್ ಕೈಲಿ ಸ್ಕ್ಯಾನ್ ಕವರು, ಇನ್ನೊಂದ್ ಕೈಲಿ ಊಟದ ಬ್ಯಾಗು ಹಿಡ್ಕೊಂಡು ಎಲ್ಲೆಲ್ಲಿಂದ್ಲೋ ಬಂದಿರ್ತಾರೆ. ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಅಂದ್ರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಆರೇಳು ವಾರ, ಮೆಷಿನ್ ಕೆಳಗೆ ಮಲಗೋದು ಮಾತ್ರ ಕೆಲವೇ ನಿಮಿಷ, ಅದಕ್ಕೋಸ್ಕರ ಕೂಲಿ ಬಿಟ್ಟು, ಮಕ್ಕಳನ್ನ ಯಾರ ಮನೇಲೋ ಬಿಟ್ಟು ಇಲ್ಲೇ ಇರ್ಬೇಕು, ಎಷ್ಟೋ ಜನ ಅರ್ಧಕ್ಕೇ ಬಿಟ್ಟು ಹೋಗೋದು ಇದೇ ಕಾರಣಕ್ಕೆ.

ಕಲಬುರಗಿಯಲ್ಲಿ ಕಿದ್ವಾಯಿ ಶಾಖೆ ಆಗಿದ್ದು ತುಂಬಾ ಒಳ್ಳೇದಾಯ್ತು. ಬೇರೆ ಕಡೆಗೂ ಹಾಗೇ ಆಗ್ಬೇಕು, ಆದ್ರೆ ಬರೀ ಮೆಷಿನ್ ತಂದಿಟ್ರೆ ಸಾಲದು, ಡೋಸ್ ಲೆಕ್ಕ ಹಾಕೋ ಫಿಸಿಸಿಸ್ಟು, ನಡೆಸೋ ಟೆಕ್ನಿಷಿಯನ್ನು, ನೋವಿಗೆ ಮಾರ್ಫಿನ್ ಬರೆಯೋಕೆ ಗೊತ್ತಿರೋ ಡಾಕ್ಟ್ರು ಎಲ್ಲಾ ಬೇಕು. ಇಲ್ಲಿ ಕಲಿತೋರಿಗೆ ಒಳ್ಳೆ ಸಂಬಳ, ಕ್ವಾರ್ಟರ್ಸ್ ಕೊಟ್ಟು ಜಿಲ್ಲೆಗಳಲ್ಲಿ ಉಳಿಸ್ಕೊಳ್ಳಿ ಅಂತ ಆರೋಗ್ಯ ಸಚಿವರಲ್ಲಿ ಕೈಮುಗಿದು ಕೇಳ್ಕೋತೀನಿ.

– ಓದುಗ, ಬೆಂಗಳೂರು