ದೋಹಾ ದಾರಿಯೋ, ದುಬೈ ದಾರಿಯೋ?

ಪ್ರಿಯ ರಘು,

ನಿನ್ನ ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ನ್ಯೂಜಿಲೆಂಡಿನ ಆಕ್ಲೆಂಡ್‌ಗೆ ಹೋಗಲು ದುಬೈ ಮೂಲಕ ಹಾರುವ ಎಮಿರೇಟ್ಸ್ ಒಳ್ಳೆಯದೋ, ದೋಹಾ ಮೂಲಕ ಹಾರುವ ಕತಾರ್ ಏರ್‌ವೇಸ್ ಒಳ್ಳೆಯದೋ? ಬಿಸಿನೆಸ್ ಕ್ಲಾಸ್ ಎಂಬುದನ್ನು ನೀವಿಬ್ಬರೂ ಮೊದಲೇ ನಿಶ್ಚಯಿಸಿಕೊಂಡಿದ್ದೀರಿ, ಆದ್ದರಿಂದ ಅಷ್ಟು ಹಣ ಸುರಿಯಬೇಕೇ ಎಂಬ ಉಪದೇಶ ನನ್ನಿಂದ ಬರುವುದಿಲ್ಲ. ನಿನ್ನ ಬೆನ್ನುನೋವಿನ ಪುರಾಣವನ್ನು ಇಷ್ಟು ವರ್ಷ ಕೇಳಿಸಿಕೊಂಡವನು ಬೇರೇನು ಹೇಳಲಿ? ಹಣ ಕೊಡುವುದು ಹೇಗೂ ಖಚಿತ. ಕೊಟ್ಟಿದ್ದಕ್ಕೆ ಏನು ಸಿಗುತ್ತದೆ ಎಂಬುದನ್ನಷ್ಟೇ ನೋಡೋಣ.

ಉತ್ತರ ನಿನಗೆ ಸ್ವಲ್ಪ ಕಿರಿಕಿರಿ ಮಾಡಬಹುದು. ನೀನು ಎರಡು ಕಂಪನಿಗಳ ನಡುವೆ ಆರಿಸಲು ಹೊರಟಿದ್ದೀಯ, ಆರಿಸಬೇಕಾದದ್ದು ವಿಮಾನವನ್ನು. ಒಂದೇ ಕಂಪನಿಯ ಒಂದೇ ದರ್ಜೆಯ ಟಿಕೆಟ್‌ನಲ್ಲಿ ಒಂದು ವಿಮಾನದಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಸಿಗಬಹುದು, ಇನ್ನೊಂದರಲ್ಲಿ ಇಬ್ಬರು ಅಪರಿಚಿತರ ನಡುವಿನ ಕುರ್ಚಿ ಸಿಗಬಹುದು. ಜಾಹೀರಾತಿನಲ್ಲಿ ಮಾತ್ರ ಎಲ್ಲವೂ ಒಂದೇ ಬಣ್ಣದ ದೀಪದಡಿ ಹೊಳೆಯುತ್ತಿರುತ್ತದೆ.

ಎಮಿರೇಟ್ಸ್‌ನಿಂದಲೇ ಆರಂಭಿಸುತ್ತೇನೆ. 1985ರಲ್ಲಿ ಹುಟ್ಟಿದ ಕಂಪನಿ ಅದು. ಏರ್‌ಬಸ್ ಎ380 ಎಂಬ ಎರಡಂತಸ್ತಿನ ದೈತ್ಯವನ್ನು ಅದರಷ್ಟು ನಂಬಿ ಕೊಂಡವರು ಮತ್ತೊಬ್ಬರಿಲ್ಲ. ಒಟ್ಟು 123 ಕೊಂಡರು. ಕಾರ್ಖಾನೆಯಿಂದ ಹೊರಬಂದ ಕೊನೆಯ ಎ380 ಕೂಡ 2021ರ ಡಿಸೆಂಬರ್‌ನಲ್ಲಿ ಅವರ ಮನೆಗೇ ಹೋಯಿತು. ದುಬೈನಿಂದ ಆಕ್ಲೆಂಡ್‌ಗೆ ಎಲ್ಲೂ ಇಳಿಯದೆ ಹಾರುವುದು ಈ ವಿಮಾನವೇ. ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ, ಹದಿನಾರು ಗಂಟೆಯ ಆಸುಪಾಸು. ಅಷ್ಟು ಹೊತ್ತು ಒಂದು ಲೋಹದ ಕೊಳವೆಯೊಳಗೆ ಇರಬೇಕಾದರೆ ಆ ಕೊಳವೆ ದೊಡ್ಡದಾಗಿರುವುದು ಮೇಲು ಎಂಬುದು ನನ್ನ ಅಂಬೋಣ.

ಎ380ರಲ್ಲಿ ಬಿಸಿನೆಸ್ ಕ್ಲಾಸ್ ಇರುವುದು ಮೇಲಿನ ಅಂತಸ್ತಿನಲ್ಲಿ. ಅಲ್ಲಿನ ನಿಶ್ಶಬ್ದವನ್ನು ಅನುಭವಿಸಿದವರಿಗೆ ಬೇರೆ ವಿಮಾನಗಳು ಗಿರಣಿಯಂತೆ ಕೇಳಿಸತೊಡಗುತ್ತವೆ. ಆಸನಗಳು ಒಂದು, ಎರಡು, ಒಂದು ಎಂಬ ಸಾಲಿನಲ್ಲಿವೆ. ಯಾರನ್ನೂ ದಾಟದೆ ಎದ್ದು ಹೋಗಬಹುದು. ಆದರೆ ಸಾಲಿನಿಂದ ಸಾಲಿಗೆ ಜಾಗ ಬದಲಾಗುತ್ತದೆ. ಎ ಮತ್ತು ಕೆ ಆಸನಗಳು ಕಿಟಕಿಗೆ ಅಂಟಿಕೊಂಡಿವೆ, ನಡುವಿನ ಮೇಜು ಓಣಿಯ ಕಡೆಗೆ ಬರುತ್ತದೆ, ಹಾಗಾಗಿ ಓಡಾಡುವವರಿಂದ ಮರೆ ಸಿಗುತ್ತದೆ. ಬಿ ಮತ್ತು ಜೆ ಆಸನಗಳಲ್ಲಿ ಇದು ತಿರುವುಮುರುವು: ಮೇಜು ಕಿಟಕಿಗೆ, ನೀನು ಓಣಿಗೆ. ಟಿಕೆಟ್ ದರ್ಜೆ ಒಂದೇ ಆದರೂ ನಿದ್ದೆ ಬೇರೆ. ಮಧ್ಯದ ಸಾಲಿನಲ್ಲಿ ಇ ಮತ್ತು ಎಫ್ ಅಕ್ಕಪಕ್ಕದಲ್ಲಿವೆ. ಮುಂದಿನ ಸಾಲಿನ ಡಿ ಮತ್ತು ಜಿ ಎರಡು ಮೇಜುಗಳಷ್ಟು ದೂರ ಸರಿದಿವೆ. ಜೊತೆಯಾಗಿ ಹೋಗುವ ದಂಪತಿಗೆ ಇ, ಎಫ್. ನಡುವೆ ಜಗಳ ನಡೆದಿದ್ದರೆ ಡಿ, ಜಿ.

ಕಿಟಕಿ ಪಕ್ಕದ ಆಸನಕ್ಕೆ ಇನ್ನೂ ಒಂದು ಲಾಭವಿದೆ, ಅದನ್ನು ಯಾರೂ ಬರೆಯುವುದಿಲ್ಲ. ಮೇಲಂತಸ್ತಿನ ಗೋಡೆ ಒಳಕ್ಕೆ ಬಾಗುವುದರಿಂದ ಕಿಟಕಿಯ ಕೆಳಗೆ ಉದ್ದಕ್ಕೂ ಮುಚ್ಚಳವಿರುವ ಪೆಟ್ಟಿಗೆಗಳಿವೆ. ಕನ್ನಡಕ, ಔಷಧಿ, ಪುಸ್ತಕ, ಬೆಚ್ಚನೆಯ ಅಂಗಿ, ಎಲ್ಲ ಕೈಗೆಟುಕುವಲ್ಲಿ. ಮೇಲಿನ ಕಪಾಟಿಗೆ ಕೈ ಎತ್ತಿ ಬೆನ್ನು ಹಿಡಿಸಿಕೊಳ್ಳುವ ಪ್ರಸಂಗವೇ ಇಲ್ಲ. ನಿನಗೆ ಇದು ಷಾಂಪೇನ್‌ಗಿಂತ ಮುಖ್ಯ.

ಆ ಅಂತಸ್ತಿನ ಹಿಂಭಾಗದಲ್ಲಿ ಒಂದು ಬಾರ್ ಇದೆ, ಸುತ್ತ ಸೋಫಾಗಳಿವೆ. ಕುಡಿಯುವವರಿಗೆ ಮಾತ್ರ ಎಂದುಕೊಳ್ಳಬೇಡ. ಹತ್ತನೆಯ ಗಂಟೆಯ ಹೊತ್ತಿಗೆ ಕಾಲು ಮರಗಟ್ಟಿದಾಗ ಎದ್ದು ಹೋಗಿ ನಿಲ್ಲಲು ಒಂದು ಜಾಗವಿದೆ ಎಂಬುದೇ ದೊಡ್ಡ ಸಮಾಧಾನ. ನಿನ್ನಂತಹ ಮಾತುಗಾರನಿಗಂತೂ ಅದು ಸ್ವರ್ಗ. ಅತ್ತಿಗೆಯವರಿಗೂ ಸ್ವರ್ಗವೇ, ಏಕೆಂದರೆ ನೀನು ಅಲ್ಲಿರುತ್ತೀಯ. ಕೊನೆಯ ಸಾಲುಗಳಲ್ಲಿ ಮಾತ್ರ ಕೂರಬೇಡಿ, ಬಾರಿನ ನಗು, ಹರಟೆ ಎಲ್ಲ ಅಲ್ಲಿಗೆ ತೇಲಿಬರುತ್ತದೆ. ಹಾಗೆಯೇ, ನೀನು ವಿಡಿಯೋದಲ್ಲಿ ನೋಡಿ ಹಿಗ್ಗಿದ ಆಕಾಶದ ಸ್ನಾನದ ಮನೆ ಫಸ್ಟ್ ಕ್ಲಾಸ್‌ನವರಿಗೆ ಮಾತ್ರ. ನಮಗೆ ಒದ್ದೆ ಬಿಸಿ ಟವೆಲ್.

ಇದಿಷ್ಟೂ ಎ380ರ ಮಾತು. ಅದೇ ಕಂಪನಿಯ ಹಳೆಯ ವಿನ್ಯಾಸದ ಬೋಯಿಂಗ್ 777ರಲ್ಲಿ ಬಿಸಿನೆಸ್ ಕ್ಲಾಸ್ ಎರಡು, ಮೂರು, ಎರಡು ಎಂದು ಕೂರಿಸುತ್ತದೆ. ಅಂದರೆ ಮಧ್ಯದ ಆಸನ ಎಂಬುದೊಂದಿದೆ! ಬಿಸಿನೆಸ್ ಕ್ಲಾಸ್‌ನ ದುಡ್ಡು ಕೊಟ್ಟು ಬಸ್ಸಿನ ಮೂವರ ಸೀಟಿನ ನಡುವೆ ಕೂರುವುದನ್ನು ನಾನು ಯಾವ ಭಾಷೆಯಲ್ಲೂ ಸಮರ್ಥಿಸಲಾರೆ. ಅವರಿಗೂ ಇದು ಗೊತ್ತಿದೆ. 2024ರಿಂದ ಈ ವಿಮಾನಗಳನ್ನು ಒಂದೊಂದಾಗಿ ನವೀಕರಿಸಿ ಒಂದು, ಎರಡು, ಒಂದರ ವಿನ್ಯಾಸಕ್ಕೆ ತರುತ್ತಿದ್ದಾರೆ, ಅದೇ ವರ್ಷದ ಕೊನೆಗೆ ಸೇರಿದ ಎ350 ವಿಮಾನಗಳೂ ಹಾಗೆಯೇ ಇವೆ. ನಿನಗೆ ಯಾವುದು ಸಿಗುತ್ತದೆ ಎಂಬುದು ಆಸನಗಳ ನಕ್ಷೆ ತೆರೆದ ಕೂಡಲೇ ತಿಳಿಯುತ್ತದೆ. ಅಡ್ಡಸಾಲಿನಲ್ಲಿ ಏಳು ಚೌಕ ಕಂಡರೆ ಪುಟ ಮುಚ್ಚು.

ಈಗ ಕತಾರ್. 2017ರ ಮಾರ್ಚ್‌ನಲ್ಲಿ ಬರ್ಲಿನ್‌ನ ಪ್ರವಾಸೋದ್ಯಮ ಮೇಳದಲ್ಲಿ ಅವರು ಕ್ಯೂಸೂಟ್ ಎಂಬ, ಬಾಗಿಲಿರುವ ಪುಟ್ಟ ಕೋಣೆಯಂತಹ ಬಿಸಿನೆಸ್ ಆಸನವನ್ನು ತೋರಿಸಿದರು, ಜೂನ್‌ನಲ್ಲಿ ಲಂಡನ್ ಮಾರ್ಗದ 777ರಲ್ಲಿ ಹಾರಿಸಿದರು. ವಿಚಿತ್ರವೆಂದರೆ ಅದೇ ಜೂನ್‌ನಲ್ಲಿ ನೆರೆಯ ದೇಶಗಳು ಕತಾರ್ ಮೇಲೆ ದಿಗ್ಬಂಧನ ಹೇರಿ ತಮ್ಮ ಆಕಾಶವನ್ನು ಅದರ ವಿಮಾನಗಳಿಗೆ ಮುಚ್ಚಿದ್ದವು. 2021ರ ಜನವರಿಯವರೆಗೂ ಆ ಬಾಗಿಲು ತೆರೆಯಲಿಲ್ಲ. ದೋಹಾ ಮತ್ತು ದುಬೈ ನಡುವಿನ ಅಂತರ ನಾನೂರು ಕಿಲೋಮೀಟರಿಗಿಂತ ಕಡಿಮೆ. ಆದರೂ ಒಂದು ಊರಿನಿಂದ ಇನ್ನೊಂದಕ್ಕೆ ನೇರವಾಗಿ ಹಾರುವಂತಿರಲಿಲ್ಲ. ಹೊರಗಿನ ದಾರಿಗಳು ಮುಚ್ಚಿದ ತಿಂಗಳಲ್ಲೇ ಅವರು ಒಳಗೆ ಬಾಗಿಲಿಟ್ಟು ಕೋಣೆ ಕಟ್ಟಿದ್ದು ಕಾಕತಾಳೀಯವೇ ಇರಬೇಕು, ಆದರೆ ನೆನಪಿಟ್ಟುಕೊಳ್ಳುವಂಥದ್ದು.

ಕ್ಯೂಸೂಟ್‌ನ ವಿಶೇಷ ಆ ಜಾರುವ ಬಾಗಿಲು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ಜಾಣತನ ಇರುವುದು ಆಸನಗಳನ್ನು ಹೂಡಿರುವ ರೀತಿಯಲ್ಲಿ. ಒಂದು ಸಾಲು ಮುಂದಕ್ಕೆ ಮುಖ ಮಾಡಿದರೆ ಅದರ ನಂತರದ ಸಾಲು ಹಿಂದಕ್ಕೆ. ಹೀಗೆ ಹೂಡಿದ್ದರಿಂದ ನಿನ್ನ ಪಾದಗಳನ್ನು ಇಕ್ಕಟ್ಟಿನ ಬಿಲದೊಳಗೆ ತುರುಕಬೇಕಾಗಿಲ್ಲ. ಭುಜಕ್ಕೂ ಮೊಣಕಾಲಿಗೂ ಜಾಗವಿದೆ. ಪಕ್ಕಕ್ಕೆ ಹೊರಳಿ ಮಲಗುವವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂಬುದು ಎ380ರಲ್ಲಿ ಮುಂದಿನವರ ಮೇಜಿನಡಿಯ ಗೂಡಿಗೆ ಕಾಲು ಚಾಚಿ ಮಲಗಿದವರಿಗೆ ಮಾತ್ರ ಅರ್ಥವಾಗುತ್ತದೆ. (ಎಮಿರೇಟ್ಸ್‌ನಲ್ಲೇ ಹೋಗುವುದಾದರೆ ತೀರಾ ಮುಂದಿನ ಸಾಲು ಹಿಡಿ, ಅಲ್ಲಿ ಕಾಲಿಗೆ ಹೆಚ್ಚು ಜಾಗವಿದೆ.)

ಹಿಂದಕ್ಕೆ ಮುಖ ಮಾಡಿ ಹಾರುವುದೆಂದರೆ ಅತ್ತಿಗೆಯವರು ಹೆದರಬಹುದು. ಬ್ರಿಟಿಷ್ ಏರ್‌ವೇಸ್ 2000ದ ಸುಮಾರಿಗೆ ಬಿಸಿನೆಸ್ ಕ್ಲಾಸ್‌ಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಾಗಲೇ ಆಸನಗಳನ್ನು ಹೀಗೆ ಎದುರುಬದುರು ಹೂಡಿತ್ತು. ಲೋಕಕ್ಕೆ ಇದು ಹೊಸದಲ್ಲ. ವಿಮಾನ ಏರುವಾಗ ದೇಹ ಬೆಲ್ಟಿನ ಕಡೆಗೆ ವಾಲಿದಂತಾಗುತ್ತದೆ, ಮೇಲೆ ಹೋಗಿ ಸಮವಾದ ಮೇಲೆ ಯಾವ ದಿಕ್ಕು ಎಂಬುದೇ ಮರೆತುಹೋಗುತ್ತದೆ. ಕಿಟಕಿಗೆ ಹತ್ತಿರವಿರುವ ಎ ಮತ್ತು ಕೆ ಹಿಂದಕ್ಕೆ ನೋಡುತ್ತವೆ; ಮುಂದಕ್ಕೇ ಮುಖವಿರಬೇಕು ಎನ್ನುವವರು ಬಿ ಅಥವಾ ಜೆ ಆರಿಸಿ ಕಿಟಕಿಯಿಂದ ತುಸು ದೂರ ಕೂರಬೇಕು. ಮಧ್ಯದ ಇ, ಎಫ್ ನಡುವಿನ ತಡೆಯನ್ನು ಇಳಿಸಿದರೆ ಎರಡೂ ಸೇರಿ ಒಂದೇ ಹಾಸಿಗೆಯಾಗುತ್ತದೆ. ನಾಲ್ವರಿದ್ದರೆ ಮಧ್ಯದ ಎರಡು ಸಾಲುಗಳನ್ನು ಕೂಡಿಸಿ ಎದುರುಬದುರು ಕುಳಿತು ಊಟ ಮಾಡಬಹುದು; ನೀವಿಬ್ಬರೇ ಆದ್ದರಿಂದ ಅದು ಬೇಡ.

ಊಟದ ವಿಷಯದಲ್ಲಿ ನಾನು ಕತಾರ್ ಕಡೆ. ರುಚಿಗಾಗಿ ಅಲ್ಲ, ಹೊತ್ತಿಗಾಗಿ. ನಿನಗೆ ಬೇಕೆಂದಾಗ ತರಿಸಿಕೊಳ್ಳುವ ಪದ್ಧತಿ ಅವರದು. ಈ ಎರಡೂ ಊರುಗಳಿಂದ ದೂರದ ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಸಾಲುಗಟ್ಟಿ ಹೊರಡುವುದು ಹೆಚ್ಚು. ಆ ಹೊತ್ತಿನಲ್ಲಿ ಏರಿದವನಿಗೆ ಬೇಕಾದದ್ದು ನಿದ್ದೆಯೇ ಹೊರತು ಮೂರು ಸುತ್ತಿನ ಭೋಜನವಲ್ಲ. ಎಮಿರೇಟ್ಸ್‌ನಲ್ಲಿ ಬಡಿಸುವುದು ಹೆಚ್ಚಾಗಿ ಎಲ್ಲರಿಗೂ ಒಂದು ಸುತ್ತಿನಲ್ಲಿ. ತಟ್ಟೆ ಲೋಟಗಳ ಸದ್ದು ಮುಗಿಯುವವರೆಗೆ ಕ್ಯಾಬಿನ್ ಎಚ್ಚರವಾಗಿರುತ್ತದೆ. ಬೇಡವೆಂದು ಮಲಗಿಬಿಡುವ ಸ್ವಾತಂತ್ರ್ಯ ನಿನಗಿದೆ, ಆದರೆ ದುಡ್ಡು ಕೊಟ್ಟದ್ದನ್ನು ಬಿಡುವ ಜಾಯಮಾನ ನಿನ್ನದಲ್ಲ.

ಮನರಂಜನೆಯಲ್ಲಿ ಎಮಿರೇಟ್ಸ್ ಮುಂದು, ಅಂತರ್ಜಾಲದಲ್ಲಿ ಕತಾರ್; 2024ರ ಅಕ್ಟೋಬರ್‌ನಿಂದ ಅವರು ಸ್ಟಾರ್‌ಲಿಂಕ್ ಎಂಬ ಉಪಗ್ರಹ ಅಂತರ್ಜಾಲ ಜೋಡಿಸತೊಡಗಿದ್ದಾರೆ, ಉಚಿತವಾಗಿ. ಎರಡೂ ನಿನಗೆ ಬೇಕಿಲ್ಲ.

ದೋಹಾದಿಂದ ಆಕ್ಲೆಂಡ್ ಇನ್ನೂ ತುಸು ದೂರ, ಹಾರಾಟ ಹದಿನಾರು ಗಂಟೆ ದಾಟುತ್ತದೆ. ಆ ಮಾರ್ಗಕ್ಕೆ ಎ350-1000 ಬಂದರೆ ಬಿಡಬೇಡ. 2018ರ ಫೆಬ್ರುವರಿಯಲ್ಲಿ ಆ ಮಾದರಿಯನ್ನು ಜಗತ್ತಿನಲ್ಲೇ ಮೊದಲು ಪಡೆದವರು ಕತಾರ್‌ನವರು, ಅದೂ ಕ್ಯೂಸೂಟ್ ಸಮೇತ. ಇನ್ನೊಂದು ಕಾರಣವೂ ಇದೆ. ಹಳೆಯ ವಿಮಾನಗಳಲ್ಲಿ ಒಳಗಿನ ಗಾಳಿಯ ಒತ್ತಡ ಎಂಟು ಸಾವಿರ ಅಡಿ ಎತ್ತರದ ಬೆಟ್ಟದಲ್ಲಿದ್ದಷ್ಟಕ್ಕೆ ಇಳಿಯಬಹುದು. ಎ350ರ ಒಡಲು ಬಹುಪಾಲು ಇಂಗಾಲದ ನಾರಿನಿಂದಾದದ್ದು, ಹೆಚ್ಚು ಒತ್ತಡ ತಡೆಯುತ್ತದೆ, ಆದ್ದರಿಂದ ಒಳಗೆ ಆರು ಸಾವಿರ ಅಡಿಯ ಮಟ್ಟದ ಗಾಳಿಯನ್ನು ಇಡಬಹುದು. ಇಳಿದ ಮೇಲಿನ ತಲೆಭಾರ ಕಡಿಮೆ ಎಂದು ನನಗನ್ನಿಸಿದೆ.

ಆದರೆ ಕತಾರ್‌ನ ಎಲ್ಲ ವಿಮಾನಗಳಲ್ಲೂ ಕ್ಯೂಸೂಟ್ ಇಲ್ಲ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದುಕೋ. ಅವರ ಎ380ರಲ್ಲಿ ಇಲ್ಲ, 787-8ರಲ್ಲಿ ಇಲ್ಲ. 787-9ರಲ್ಲಿ ಬಾಗಿಲಿದೆ, ಆದರೆ ವಿನ್ಯಾಸ ಬೇರೆ. ಹೊರಡುವ ಮುನ್ನ ವಿಮಾನ ಬದಲಾಗುವುದೂ ಉಂಟು. ಇವೆರಡನ್ನೂ ಬಿಟ್ಟು ಬೇರೊಂದು ಕಂಪನಿ, ಹೆಸರು ಬೇಡ, ಹಿಂದಿನ ಸಂಜೆ ವಿಮಾನ ಬದಲಿಸಿ ನನ್ನ ಕಿಟಕಿಯನ್ನು ಕಿತ್ತುಕೊಂಡು, ಮರುದಿನ ಮುಗುಳ್ನಗುತ್ತಾ ಹಣ್ಣಿನ ರಸ ಕೊಟ್ಟಿತು. ಆದ್ದರಿಂದ ಟಿಕೆಟ್ ಕೊಂಡ ಮೇಲೂ ವಾರಕ್ಕೊಮ್ಮೆ ನಕ್ಷೆ ತೆರೆದು ನೋಡು.

ಇನ್ನು ನಿಲ್ದಾಣಗಳ ಮಾತು. ದುಬೈನಲ್ಲಿ ಎ380ಗಾಗಿಯೇ 2013ರಲ್ಲಿ ತೆರೆದ ಕಾನ್‌ಕೋರ್ಸ್ ಎ ಎಂಬ ಕಟ್ಟಡವಿದೆ. ಬಿಸಿನೆಸ್ ಪ್ರಯಾಣಿಕರು ಕಾಯುವ ಅಲ್ಲಿನ ಲೌಂಜ್ ಒಂದು ಇಡೀ ಮಹಡಿ, ಅಲ್ಲಿಂದಲೇ ನೇರವಾಗಿ ವಿಮಾನದ ಮೇಲಂತಸ್ತಿಗೆ ಹತ್ತಬಹುದು. ಕೆಳಗಿಳಿದು ಗೇಟಿನ ನೂಕುನುಗ್ಗಲಿಗೆ ಸಿಗಬೇಕಾಗಿಲ್ಲ. ದೋಹಾದ ಹಮದ್ ನಿಲ್ದಾಣ 2014ರದು, ಒಂದೇ ಕಟ್ಟಡ. ನಡುವೆ ಹಳದಿ ಬಣ್ಣದ ಏಳು ಮೀಟರ್ ಎತ್ತರದ ಕರಡಿಯೊಂದು ತಲೆಗೆ ದೀಪ ಚುಚ್ಚಿಸಿಕೊಂಡು ಕೂತಿದೆ. ಸ್ವಿಸ್ ಕಲಾವಿದ ಉರ್ಸ್ ಫಿಷರ್ ಮಾಡಿದ್ದು. ನನಗೆ ಅದನ್ನು ಕಂಡರೆ ಪಾಪ ಅನ್ನಿಸುತ್ತದೆ. 2022ರಲ್ಲಿ ಒಳಗೇ ಒಂದು ಮರಗಿಡಗಳ ತೋಟವನ್ನೂ ಎಬ್ಬಿಸಿದ್ದಾರೆ. ಅಲ್ ಮುರ್ಜಾನ್ ಎಂಬ ಅವರ ಲೌಂಜ್ ಹತ್ತು ಸಾವಿರ ಚದರ ಮೀಟರ್. ಅಷ್ಟು ವಿಶಾಲವಾದರೂ ರಾತ್ರಿ ಒಂದು ಗಂಟೆಗೆ ಮೂಲೆಯ ಆಸನ ಹುಡುಕಬೇಕು.

ಇಲ್ಲೊಂದು ಗುಂಡಿ ಇದೆ, ಕಾಲಿಡಬೇಡ. ಎರಡೂ ಕಂಪನಿಗಳು ಬಿಸಿನೆಸ್ ಕ್ಲಾಸ್‌ನಲ್ಲೇ ತೀರಾ ಅಗ್ಗದ ಒಂದು ಬಗೆಯ ಟಿಕೆಟ್ ಮಾರುತ್ತವೆ. ಎಮಿರೇಟ್ಸ್ ಅದನ್ನು 2019ರಲ್ಲಿ ಶುರುಮಾಡಿತು. ಆಸನ ಅದೇ, ಊಟ ಅದೇ, ಆದರೆ ಲೌಂಜ್ ಪ್ರವೇಶವಿಲ್ಲ. ಎಮಿರೇಟ್ಸ್ ಹಲವು ಊರುಗಳಲ್ಲಿ ಬಿಸಿನೆಸ್ ಪ್ರಯಾಣಿಕರನ್ನು ಮನೆಯಿಂದ ನಿಲ್ದಾಣಕ್ಕೆ ಕಾರಿನಲ್ಲಿ ಕರೆದೊಯ್ಯುತ್ತದೆ. ಕತಾರ್‌ನಲ್ಲಿ ಸಾಮಾನ್ಯವಾಗಿ ಇಲ್ಲದ ಸೌಕರ್ಯ ಅದು. ಈ ಅಗ್ಗದ ಟಿಕೆಟ್‌ಗೆ ಅದೂ ಇಲ್ಲ. ದರಗಳನ್ನು ಹೋಲಿಸುವಾಗ ಎರಡೂ ಒಂದೇ ಬಗೆಯವೇ ಎಂದು ನೋಡು. ನಡುರಾತ್ರಿ ಐದು ಗಂಟೆ ಕಾಯಬೇಕಾದವನಿಗೆ ಲೌಂಜ್ ಶೋಕಿಯಲ್ಲ.

ಹಾರಿದ್ದಕ್ಕೆ ಕಂಪನಿ ಕೊಡುವ ಮೈಲಿಗಳ, ಅಂದರೆ ಅಂಕಗಳ, ಲೆಕ್ಕ ನಿನಗೆ ತಲೆನೋವು, ಎರಡೇ ಮಾತು ಹೇಳುತ್ತೇನೆ. ಕತಾರ್ 2013ರಿಂದ ಒನ್‌ವರ್ಲ್ಡ್ ಎಂಬ ವಿಮಾನ ಕಂಪನಿಗಳ ಕೂಟದಲ್ಲಿದೆ, ಅಂಕಗಳನ್ನು ಬ್ರಿಟಿಷ್ ಏರ್‌ವೇಸ್‌ನಂತಹ ಇತರ ಕಂಪನಿಗಳಲ್ಲೂ ಬಳಸಬಹುದು. ಎಮಿರೇಟ್ಸ್ ಯಾವ ಕೂಟಕ್ಕೂ ಸೇರದೆ ಒಂಟಿಯಾಗಿ ನಡೆಯುವ ಮನೆತನ, ಆಸ್ಟ್ರೇಲಿಯಾದ ಕ್ವಾಂಟಾಸ್‌ನಂತಹ ಕೆಲವರೊಡನೆ ಮಾತ್ರ ಒಡಂಬಡಿಕೆ.

ನಾನಾಗಿದ್ದರೆ ಹೋಗುವಾಗ ಕ್ಯೂಸೂಟ್ ಹಿಡಿಯುತ್ತಿದ್ದೆ. ರಾತ್ರಿ ಹೊರಟು, ತಿನ್ನದೆ, ಬಾಗಿಲೆಳೆದು ಮಲಗಿಬಿಡುವುದು; ಬೆನ್ನಿಗೂ ಅದೇ ಮದ್ದು. ಆದರೆ ಹಗಲು ಹೊತ್ತಿನ ಹಾರಾಟ ಸಿಕ್ಕಿ, ಎಚ್ಚರವಾಗಿಯೇ ಇರುವುದಾದರೆ ನನ್ನ ಮನಸ್ಸು ಎ380ರ ಮೇಲಂತಸ್ತಿನ ಕಡೆಗೇ ಎಳೆಯುತ್ತದೆ. ಸೌಕರ್ಯದಲ್ಲಿ ಒಂದು ಕೈ ಕಡಿಮೆಯಾದರೂ ಅದರಲ್ಲಿ ಪ್ರಯಾಣ ಮಾಡುತ್ತಿದ್ದೇವೆ ಅನ್ನಿಸುತ್ತದೆ. ಅಂತಹ ವಿಮಾನವನ್ನು ಇನ್ನು ಯಾರೂ ಕಟ್ಟುತ್ತಿಲ್ಲ ಕೂಡ.

ಅತ್ತಿಗೆಯವರನ್ನು ಕೇಳಿ ದಿನ ನಿಶ್ಚಯಿಸು. ಹಣ ಕಟ್ಟುವ ಮೊದಲು ವಿಮಾನದ ಮಾದರಿ ಮತ್ತು ಆಸನದ ನಕ್ಷೆಯ ಚಿತ್ರ ನನಗೆ ಕಳಿಸು. ಸಾಲಿನ ಸಂಖ್ಯೆ ನಾನು ಹೇಳುತ್ತೇನೆ.

ನಿನ್ನ,
ಶ್ರೀಧರ