ಮೀನುಮರಿ ಚೀಲದ ಮೇಲೆ ತಳಿಯ ಹೆಸರು ಬರೆಯಿರಿ

ಮಾನ್ಯ ಸಂಪಾದಕರೇ,

ಕೆರೆಗೆ ನೀರು ಬಂತು ಅಂದರೆ ಸಾಕು, ನಮ್ಮ ಕಡೆ ಮೀನುಮರಿ ಬಿಡುವ ಗಡಿಬಿಡಿ ಶುರು. ಕೇಳಿದವರೆಲ್ಲ ಕಾಟ್ಲಾನೇ ಕೊಡಿ ಅನ್ನುತ್ತಾರೆ. ಅದು ಬೇಗ ಬೆಳೆಯುತ್ತದೆ, ದಪ್ಪ ತಲೆ ನೋಡಿ ಸಂತೆಯಲ್ಲಿ ಗಿರಾಕಿ ನಿಲ್ಲುತ್ತಾನೆ, ಎಲ್ಲಾ ನಿಜ. ಆದರೆ ಬರೀ ಅದರ ಮರಿಯನ್ನೇ ನೀರಿಗೆ ಹಾಕಿದರೆ ಕೆರೆಯಲ್ಲಿರುವ ಮೇವಿನಲ್ಲಿ ಎಷ್ಟೋ ಪಾಲು ಸುಮ್ನೆ ಕೊಳೆಯುತ್ತದೆ.

ಕಾಟ್ಲಾದ ಬಾಯಿ ನೋಡಿ, ಮೇಲಕ್ಕೆ ತಿರುಗಿರುತ್ತದೆ. ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿಗಳೇ ಅದರ ಊಟ. ನಡುನೀರು ರೋಹುವಿನದು. ಮೃಗಾಲ್ ತಳದಲ್ಲಿ ಕೆಸರು ಕೆದಕಿಕೊಂಡು, ಕೊಳೆತ ಸೊಪ್ಪುಸದೆ ತಿಂದುಕೊಂಡು ಇರುತ್ತದೆ. ಬರೀ ಕಾಟ್ಲಾ ತುಂಬಿದ ಕೆರೆಯಲ್ಲಿ ಮೇಲೆ ಮೀನು ಹಸಿದು ಕಿತ್ತಾಡುತ್ತವೆ, ಕೆಳಗೆ ತಿನಿಸು ಕೊಳೆಯುತ್ತದೆ, ಕೊಳೆಯುವುದಕ್ಕೂ ಆಮ್ಲಜನಕ ಬೇಕಲ್ವಾ, ಹಾಗಾಗಿ ಮೋಡ ಮುಸುಕಿದ ದಿನಗಳಲ್ಲಿ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಮಿಶ್ರ ಮೀನು ಸಾಕಣೆ ಅಂದರೆ ಬೇರೇನಲ್ಲ, ಒಂದೇ ನೀರಿನಲ್ಲಿ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕದ ಹಾಗೆ ಮೀನು ಆರಿಸಿ ಬಿಡುವುದು. ಕಾಟ್ಲಾ 4, ರೋಹು 3, ಮೃಗಾಲ್ 3 ಪಾಲು ಅಂತ ಶುರು ಮಾಡಿದರೆ ಸಾಕು. ಎಕರೆ ನೀರಿಗೆ ಸುಮಾರು 2000 ಮರಿ.

ಸ್ವಂತ ಹೊಂಡ ಇದ್ದವರು ಹುಲ್ಲು ತಿನ್ನುವ ಹುಲ್ಲುಗೆಂಡೆಯನ್ನೂ (ಗ್ರಾಸ್ ಕಾರ್ಪ್) ಸೇರಿಸಬಹುದು. ನೇಪಿಯರ್ ಹುಲ್ಲು ಹಾಕಿದ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಮೀನು ಗರಿಗಳನ್ನು ಒಂದೊಂದಾಗಿ ನೀರೊಳಗೆ ಎಳೆದುಕೊಂಡು ಹೋಗುತ್ತದೆ. ತಿಂದದ್ದರಲ್ಲಿ ಎಷ್ಟೋ ಭಾಗ ಅದಕ್ಕೆ ಅರಗುವುದಿಲ್ಲ. ಆ ಹಿಕ್ಕೆಯೇ ನೀರಿಗೆ ಗೊಬ್ಬರ, ತಳದ ಮೀನಿಗೆ ಊಟ. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ ನೆನೆಸಿ, ತೂತು ಮಾಡಿದ ಚೀಲದಲ್ಲಿ ಕಟ್ಟಿ ಇಳಿಬಿಟ್ಟರೆ ಉಳಿದದ್ದು ಆಗುತ್ತದೆ. ದುಬಾರಿ ಗುಳಿಗೆ ಮೇವನ್ನೇ ನಂಬಿ ಕೂರಬೇಕಾಗಿಲ್ಲ.

ಹಾಗಂತ ಸಿಕ್ಕಿದ್ದನ್ನೆಲ್ಲ ಬಿಡಬಾರದು. 1971ರಲ್ಲಿ ಹಿಮಾಚಲದ ಗೋವಿಂದ ಸಾಗರ ಜಲಾಶಯಕ್ಕೆ ಕಾಟ್ಲಾದ ಹಾಗೆ ಮೇಲ್ನೀರಿನಲ್ಲೇ ಮೇಯುವ ಹೊರದೇಶದ ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್) ಅಕಸ್ಮಾತ್ತಾಗಿ ಸೇರಿಕೊಂಡಿತು, ಆಮೇಲಿನ ವರ್ಷಗಳಲ್ಲಿ ಅಲ್ಲಿ ಕಾಟ್ಲಾ ಸಿಗುವುದೇ ಕಮ್ಮಿಯಾಯಿತು. ಕೋಡಿ ಬಿದ್ದು ಹಳ್ಳ, ಹೊಳೆ ಸೇರುವ ಕೆರೆಗಳಿಗೆ ಹೊರದೇಶದ ಗೆಂಡೆಗಳು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ನು ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕೋಳಿ ಅಂಗಡಿಯ ತ್ಯಾಜ್ಯ ಸುರಿದು ಕದ್ದುಮುಚ್ಚಿ ಸಾಕುವವರಿದ್ದಾರೆ. ಅದು ಒಂದು ಸಲ ಕೆರೆಗೆ ನುಗ್ಗಿದರೆ ನಮ್ಮ ಮರಿಗಳೂ ಉಳಿಯುವುದಿಲ್ಲ, ಕೆರೆಯ ಸ್ವಂತ ಸಣ್ಣ ಮೀನೂ ಉಳಿಯುವುದಿಲ್ಲ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಹರಿಯುವ ಹೊಳೆಯ ಮೀನು, ನಿಂತ ಕೆರೆಯಲ್ಲಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇಂಥ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಅದೇ ನೆನಪಿಗೆ ಆ ದಿನ ರಾಷ್ಟ್ರೀಯ ಮೀನು ಕೃಷಿಕರ ದಿನ ಆಚರಿಸುತ್ತೇವೆ, ಶಾಲು ಹೊದಿಸುತ್ತೇವೆ. ಕೆರೆಯಲ್ಲಿ ತಾವಾಗಿ ಮರಿ ಆಗದ್ದರಿಂದ ಪ್ರತಿ ವರ್ಷ ಮರಿಗೆ ನಾವು ಮರಿಕೇಂದ್ರದ ಬಾಗಿಲಿಗೇ ಹೋಗಬೇಕು. ಅಲ್ಲಿ ಆಮ್ಲಜನಕ ತುಂಬಿದ ಪಾಲಿಥಿನ್ ಚೀಲದಲ್ಲಿ ಇಂಚಿನಷ್ಟೂ ಇಲ್ಲದ ಮರಿ ಕೊಡುತ್ತಾರೆ. ಆ ಅಳತೆಯಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ. ಮೂರು ಬಗೆ ಕೇಳಿ ದುಡ್ಡು ಕಟ್ಟಿ ತಂದು ಬಿಟ್ಟು, ಬೇಸಿಗೆಯಲ್ಲಿ ಬಲೆ ಎಳೆದಾಗ ಬರೀ ಒಂದೇ ಜಾತಿ ಬಂದದ್ದು ನನ್ನ ಅನುಭವ. ಅಷ್ಟು ಹೊತ್ತಿಗೆ ಯಾರನ್ನು ಕೇಳುವುದು? ಜೊತೆಗೆ ಅಷ್ಟು ಸಣ್ಣ ಮರಿಯನ್ನು ನೇರ ಕೆರೆಗೆ ಸುರಿದರೆ ಕೊರಮೀನಿಗೂ ಕೊಕ್ಕರೆಗೂ ಊಟ ಹಾಕಿದ ಹಾಗೆ. ಬೆರಳುದ್ದ ಬೆಳೆದ ಮರಿಯಾದರೆ ಓಡಿ ಬದುಕುತ್ತದೆ, ತಲೆ ಬಾಯಿ ನೋಡಿ ಯಾವ ಜಾತಿ ಅಂತ ನಾವೇ ಗುರುತು ಹಿಡಿಯಬಹುದು.

ಹಾಗಾಗಿ ನಾನು ಕೇಳುವುದು ಇಷ್ಟು. ಸರ್ಕಾರಿ ಇರಲಿ ಖಾಸಗಿ ಇರಲಿ, ಮಾರುವ ಪ್ರತಿ ಚೀಲದ ಮೇಲೆ ತಳಿ, ಅಳತೆ, ಎಣಿಕೆ ಬರೆದಿರಬೇಕು, ರಸೀದಿಯಲ್ಲೂ ಅದೇ ಇರಬೇಕು. ಇಂಚಿನ ಮರಿಯನ್ನು ಎರಡು ಮೂರು ತಿಂಗಳು ಸಾಕಿ ಬೆರಳುದ್ದ ಮಾಡುವ ಕೆಲಸವನ್ನು ಆಯಾ ಊರಿನ ಸ್ತ್ರೀಶಕ್ತಿ ಸಂಘಗಳಿಗೆ ಕೊಡಿ, ಕೆರೆ ಪಕ್ಕದ ಸಣ್ಣ ಹೊಂಡ ಸಾಕು. ಅವರಿಗೂ ನಾಲ್ಕು ಕಾಸು ಆಗುತ್ತದೆ, ದೂರದಿಂದ ತರುವಾಗ ದಾರಿಯಲ್ಲೇ ಸಾಯುವ ಮರಿಯೂ ಉಳಿಯುತ್ತದೆ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಮಹಿಳೆಯರಿಗೆ ಶೇ 60ರಷ್ಟು ಸಹಾಯಧನ ಇದೆ, ಅದನ್ನು ಇದಕ್ಕೆ ಬಳಸಿ. ಮತ್ತೆ, ಕೆರೆ ಗುತ್ತಿಗೆ ಕೊಡುವ ಪಂಚಾಯಿತಿಗಳು ದಯವಿಟ್ಟು ಟೆಂಡರ್ ಕೆಲಸ ಮಳೆಗಾಲಕ್ಕೆ ಮೊದಲೇ ಮುಗಿಸಲಿ. ದೀಪಾವಳಿ ಹೊತ್ತಿಗೆ ಕಾಗದ ಕೈಗೆ ಕೊಟ್ಟರೆ ಮೀನು ಬೆಳೆಯುವ ಮೊದಲೇ ಕೆರೆ ಒಣಗಿರುತ್ತದೆ.

— ಒಬ್ಬ ಕೆರೆ ಮೀನು ಸಾಕಣೆದಾರ, ತುಮಕೂರು ಜಿಲ್ಲೆ